ಶೋಕವೂ ಲೇಖನಿಯೂ

ಈಚೆಗೆ ಹಾವೇರಿಯ ಸಭೆಯೊಂದರಲ್ಲಿ ಪುತ್ರಶೋಕಕ್ಕೊಳಗಾದ ತಾಯಿಯೊಬ್ಬಳು ತನ್ನ ಪದ್ಯವನ್ನೋದಲು, ಪಂಡಿತರೊಬ್ಬರು “ಮನೆಯ ಅಳುವನ್ನು ಬೀದಿಗೆ ತರುವುದೇಕೆ?” ಎಂದು ಮೂಗು ಮುರಿದರು.

ಆ ಮಹಾಶಯರನ್ನು ಕೇಳುತ್ತೇನೆ: ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಗದಿದ್ದರೆ ನಮಗೆ ರಾಮಾಯಣವೆಲ್ಲಿಯದು? ನಮ್ಮ ನೆರೆಯ ಧಾರವಾಡದ ಬೇಂದ್ರೆಯವರು (1896–1981) ಹಲವು ಮಕ್ಕಳನ್ನು ಕಳೆದುಕೊಂಡವರು. ಮಗುವಿನ ಸಾವಿನೆದುರು ನಿಂತ ತಂದೆಯ ಸಂಕಟವನ್ನು ಅವರು ಹಾಡಾಗಿಸಿದರು. ಅದರಿಂದ ಎಷ್ಟೋ ತಾಯಿತಂದೆಗಳ ಅಳಲಿಗೆ ಮಾತು ದೊರೆಯಿತು. ಇದೂ ಬೀದಿಯ ಪ್ರದರ್ಶನವೆ?

“ಅತ್ತಮಾತ್ರಕ್ಕೆ ಕಾವ್ಯವಾಗದು” ಎಂಬರು. ಒಪ್ಪಿದೆ. ಆದರೆ ಪದವನ್ನರಸಿ, ಪಾದವನ್ನಳೆದು, ಬರೆದುದನ್ನು ಹೊಡೆದುಹಾಕಿ ಮರಳಿ ತಿದ್ದುವ ದುಡಿಮೆಯೇ ದುಃಖಿಗೆ ನಾಳೆ ಏಳುವುದಕ್ಕೊಂದು ಕಾರಣವಾಗುವುದು. ಬ್ಯಾಡಗಿಯ ಮೆಣಸಿನಕಾಯಿಗೆ ಹೆಸರು ಬಂದುದು ಖಾರದಿಂದಲ್ಲ, ಬಣ್ಣದಿಂದ. ಕಾವ್ಯದಲ್ಲಿ ಶೋಕದ ಉರಿ ಅಡಗಿ ಬಣ್ಣವುಳಿಯಬೇಕು.

ಸಹಧರ್ಮಿಣಿ ತೀರಿದ ಬಳಿಕ ನಾನು ಮೌನವನ್ನೇ ಧೈರ್ಯವೆಂದು ಬಗೆದು ಒಂದು ವರುಷವನ್ನು ವ್ಯರ್ಥಗೊಳಿಸಿದೆನು. ಲೇಖನಿ ಹಿಡಿದ ದಿನವೇ ಆಕೆಯ ದನಿ ಮರಳಿ ಕೇಳಿಸಿತು.

ಆದುದರಿಂದ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸಾಹಿತ್ಯಾಭಿಮಾನಿಗಳಲ್ಲಿ ನನ್ನ ವಿಜ್ಞಾಪನೆ: ಇಂಥವರ ಬರಹವನ್ನು ತಿದ್ದಿರಿ, ಹಳಿಯಬೇಡಿರಿ.