ಸಾವಿನ ಕಾಗದ ಯಾರದು?

ಅಸಹಜ ಸಾವಾದರೆ ಪೊಲೀಸರು ನೆರೆಹೊರೆಯ ಕನಿಷ್ಠ ಇಬ್ಬರು ಗೌರವಸ್ಥರ ಎದುರು ಶವ ಪಂಚನಾಮೆ ಮಾಡಬೇಕು, ವರದಿಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಹೇಳುವುದು ಇದನ್ನೇ. ಮನೆಯವರಿಗೆ ಎಷ್ಟು ದಿನದಲ್ಲಿ ಕೊಡಬೇಕು? ಈ ಬಗ್ಗೆ ಆ ಕಲಂ ತುಟಿಪಿಟಕ್ಕೆನ್ನುವುದಿಲ್ಲ. ನನ್ನ ತಕರಾರು ಇಲ್ಲಿಯೇ.

ಪಕ್ಕದ ಬೀದಿಯವರು ನೋಡಿ ಸಹಿ ಹಾಕಿದ ಕಾಗದ ಹೆತ್ತ ತಾಯಿಗೆ ಮಾತ್ರ ಗುಟ್ಟಾಗುವುದು ಹೇಗೆ? ನನ್ನ ಬಂಧುವೊಬ್ಬರ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ ಕೇಳಿದಾಗ ಠಾಣೆಯವರು ಆಸ್ಪತ್ರೆಯತ್ತ, ಆಸ್ಪತ್ರೆಯವರು ಠಾಣೆಯತ್ತ ಕೈತೋರಿಸಿದರು. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಿದರೆ ಬಂದ ಉತ್ತರ: ‘ತನಿಖೆ ನಡೆಯುತ್ತಿದೆ.’

ಇದು ನೆಪ. 2005ರ ಕಾಯ್ದೆಯ 8(1)(ಎಚ್) ತಡೆಯುವುದು ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ಮಾತ್ರ. ತನಿಖೆ ಇದೆ ಎಂದರಷ್ಟೇ ಸಾಲದು, ಅಡ್ಡಿ ಹೇಗೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ.

ಸತ್ತವರ ಮಾನ ಕಾಯಬೇಕೆನ್ನುವಿರಾ? ಒಪ್ಪಿದೆ. ಊರಿಗೆಲ್ಲ ಡಂಗುರ ಸಾರಬೇಡಿ. ಆದರೆ ವಿಮೆಗೆ, ಪರಿಹಾರಕ್ಕೆ, ಎಲ್ಲಕ್ಕಿಂತ ಮಿಗಿಲಾಗಿ ‘ಯಾಕೆ ಸತ್ತ?’ ಎಂಬ ಪ್ರಶ್ನೆಗೆ ಮನೆಯವರಿಗೆ ಆ ಕಾಗದ ಬೇಕು. ಸಾಹೇಬರಿಗಿರುವಂತೆ ಅವರಿಗೂ ಒಂದು ಗಡುವನ್ನು ಕಾನೂನಿನಲ್ಲೇ ಬರೆಯಿರಿ. ದುಃಖದಲ್ಲಿರುವವರನ್ನು ಕಚೇರಿಯಿಂದ ಕಚೇರಿಗೆ ಅಲೆಸಬೇಡಿ.