ಯಾರ ಕಾಲಿಗೆ ಯಾವ ಅಟ್ಟೆ?

ಎತ್ತಿನ ಲಾಳ ಸವೆದರೆ ನಮ್ಮ ರೈತನು ಆ ವಾರವೇ ಹೊಸ ಲಾಳ ಕಟ್ಟಿಸುತ್ತಾನೆ. ಲಾಳವಿಲ್ಲದ ಎತ್ತು ಗಾಡಿ ಎಳೆಯಲಾರದೆಂಬುದು ಅವನಿಗೆ ಗೊತ್ತು. ಆದರೆ ತನ್ನ ಕಾಲಿನ ಮಟ್ಟಿಗೆ ಅವನಷ್ಟು ಉದಾಸೀನರು ಬೇರೊಬ್ಬರಿಲ್ಲ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಕಡೆ ಹಿಂಗಾರಿ ಜೋಳ ಕೀಳುವಾಗ, ಕಬ್ಬು ಕಡಿಯುವಾಗ, ದಾಳಿಂಬೆ ತೋಟದಲ್ಲಿ ದಿನವೆಲ್ಲ ನಿಂತು ದುಡಿಯುವಾಗ ಸಂಸಾರದ ಭಾರವೆಲ್ಲ ಅಂಗಾಲಿನ ಮೇಲೆಯೇ ಬೀಳುತ್ತದೆ. ಹಿಮ್ಮಡಿ ನೋವು, ಆಣಿ, ಚಪ್ಪಟೆ ಪಾದ, ಸಕ್ಕರೆ ಕಾಯಿಲೆಯವರ ಮಾಯದ ಹುಣ್ಣು ಇವೆಲ್ಲ ಮನೆಮನೆಯ ಮಾತು.

ಈಗ ಪಟ್ಟಣಗಳಲ್ಲಿ ಕಾಲಿನ ಅಳತೆ ತೆಗೆದು ಯಂತ್ರದಿಂದ ಒಳ ಅಟ್ಟೆ ಅಚ್ಚೊತ್ತಿಕೊಡುವ ಪದ್ಧತಿ ಬಂದಿದೆ. ಪಾದದ ಆಕಾರವನ್ನು ಸ್ಕ್ಯಾನರ್ ಹಿಡಿಯುತ್ತದೆ. ಇಲ್ಲವೇ ಮೆತ್ತನೆಯ ಫೋಮಿನ ಪೆಟ್ಟಿಗೆಯಲ್ಲಿ ಕಾಲನ್ನು ಒತ್ತಿ ಗುರುತು ತೆಗೆಯುತ್ತಾರೆ. ಗಣಕಯಂತ್ರದಲ್ಲಿ ಆ ಆಕಾರವನ್ನು ತಿದ್ದಿದ ಮೇಲೆ ತ್ರೀಡಿ ಮುದ್ರಣ ಯಂತ್ರವು ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಇಟ್ಟು ಅಟ್ಟೆಯನ್ನು ಕಟ್ಟುತ್ತದೆ. ಒಳಗಿನ ಹೆಣಿಗೆಯನ್ನು ಸಡಿಲ ಮಾಡಿದರೆ ಆ ಜಾಗ ಮೆತ್ತಗಾಗುತ್ತದೆ, ಬಿಗಿ ಮಾಡಿದರೆ ಗಟ್ಟಿಯಾಗುತ್ತದೆ. ಹೀಗೆ ನೋಯುವ ಎಡೆಯ ಭಾರವನ್ನು ಬೇರೆಡೆಗೆ ಹಂಚಬಹುದು. ಅಟ್ಟೆ ಸವೆದಾಗ ಮತ್ತೆ ಅಳತೆ ಕೊಡಬೇಕಿಲ್ಲ. ಇಟ್ಟ ಲೆಕ್ಕದಿಂದಲೇ ಇನ್ನೊಂದು ಜೊತೆ ತೆಗೆಯಬಹುದು.

ಸಾಧನ ಒಳ್ಳೆಯದೇ. ಆದರೆ ಎಲ್ಲರಿಗೂ ಅದು ಬೇಕೆ? ಬೇಡವೆಂಬುದೇ ನಮ್ಮ ಅಭಿಪ್ರಾಯ.

ಮೊದಲು ಹಿಮ್ಮಡಿ ನೋವಿನ ವಿಚಾರ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಮುಳ್ಳು ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ತುಸು ತಗ್ಗುವ ನೋವು ಇದು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹಬ್ಬಿದ ಗಟ್ಟಿ ಪಟ್ಟಿಯೊಂದು ಅಂಗಾಲಿನಲ್ಲಿದೆ. ಅದು ಜಗ್ಗಿ ದಣಿದಾಗ ಈ ನೋವು ಬರುತ್ತದೆ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪರೀಕ್ಷೆಯೊಂದರಲ್ಲಿ ಇಂಥ 135 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹೆಸರಿಗೆ ಮಾತ್ರದ ಮೆತ್ತನೆಯ ಅಟ್ಟೆ, ಇನ್ನೊಂದಕ್ಕೆ ಅಂಗಡಿಯ ಸಿದ್ಧ ಅಟ್ಟೆ, ಮತ್ತೊಂದಕ್ಕೆ ಅಳತೆ ಕೊಟ್ಟು ಮಾಡಿಸಿದ ಅಟ್ಟೆ ಕೊಟ್ಟರು. ಮೂರು ತಿಂಗಳಲ್ಲಿ ಸಿದ್ಧ ಅಟ್ಟೆಯವರೂ ಅಳತೆಯ ಅಟ್ಟೆಯವರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಕೊಂಚ ಸುಧಾರಿಸಿದರು. ವರ್ಷ ತುಂಬುವಾಗ ಮೂರು ಗುಂಪಿಗೂ ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ.

ಆದುದರಿಂದ ಬರಿಯ ಹಿಮ್ಮಡಿ ನೋವಿಗೆ ಸಾಲ ಮಾಡಿ ಅಚ್ಚಿನ ಅಟ್ಟೆ ಕೊಳ್ಳುವುದು ಜಾಣತನವಲ್ಲ. ಬೆಳಿಗ್ಗೆ ಹಾಸಿಗೆ ಬಿಡುವ ಮುನ್ನ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಿರಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಿರಿ. ತೆಳ್ಳಗೆ ಸವೆದ ಚಪ್ಪಲಿಯನ್ನು ಬಿಟ್ಟು ಹಿಮ್ಮಡಿ ದಪ್ಪವಿರುವ ಮೆತ್ತನೆಯದನ್ನು ಮೆಟ್ಟಿರಿ. ಕೆಲವು ತಿಂಗಳು ತಾಳ್ಮೆಯಿಂದ ನಡೆಸಿದರೆ ಬಹುಮಂದಿಗೆ ಗುಣವಾಗುತ್ತದೆ. ನೋವಿಲ್ಲದ ಚಪ್ಪಟೆ ಪಾದಕ್ಕಂತೂ ಯಾವ ಅಟ್ಟೆಯೂ ಬೇಕಾಗಿಲ್ಲ.

ನೋವೇ ತಿಳಿಯದ ಕಾಲಿನ ಮಾತು ಬೇರೆ. ಸಕ್ಕರೆ ಕಾಯಿಲೆಯಿಂದಲೋ ಕುಷ್ಠರೋಗದಿಂದಲೋ ಪಾದ ಜೋಮು ಹಿಡಿದವನಿಗೆ ಕಲ್ಲು ಒತ್ತಿದರೂ ಅರಿವಾಗದು. ವೆಲ್ಲೂರಿನಲ್ಲಿ ದುಡಿದ ಡಾ. ಪಾಲ್ ಬ್ರ್ಯಾಂಡ್ ಅವರು ತೋರಿಸಿಕೊಟ್ಟದ್ದು ಇದನ್ನೇ: ಕುಷ್ಠರೋಗಿಗಳ ಕಾಲು ತಾನಾಗಿ ಕೊಳೆಯುವುದಿಲ್ಲ, ಅರಿವಿಲ್ಲದ ಜಾಗಕ್ಕೆ ಮತ್ತೆ ಮತ್ತೆ ಒತ್ತು ಬಿದ್ದು ಹುಣ್ಣಾಗುತ್ತದೆ. ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಬಳಕೆಗೆ ಬಂದುದು ಈ ತಿಳಿವಿನಿಂದಲೇ. ಜೋಮಿನ ಜೊತೆಗೆ ಬೆರಳು ಸೊಟ್ಟಗಾಗಿದ್ದರೆ, ಹಿಂದೆ ಹುಣ್ಣಾಗಿ ಮಾಯ್ದಿದ್ದರೆ, ಅಂಥವರಿಗೆ ಪಾದದ ಅಳತೆಯ ಅಟ್ಟೆ ಶೋಕಿಯಲ್ಲ, ಕಾಲು ಉಳಿಸುವ ಸಾಧನ. ಇಂಥವರಿಗೆ ಖರ್ಚು ಮಾಡುವಲ್ಲಿ ಸರಕಾರವೂ ಮನೆಯವರೂ ಹಿಂದೆಗೆಯಬಾರದು.

ಇನ್ನೊಂದು ತೊಡಕಿದೆ. ಈ ಅಟ್ಟೆಗಳು ಬಹುತೇಕ ಬೂಟಿನೊಳಗೆ ಇಡುವುದಕ್ಕೆಂದು ಆದವು. ಎರೆ ಹೊಲದಲ್ಲಿ ಬೂಟು ಹಾಕಿ ಯಾರು ನೀರು ಹಾಯಿಸುತ್ತಾರೆ? ನಮ್ಮವರ ಕಾಲಲ್ಲಿರುವುದು ಕಾಲ್ಮರಿ ಇಲ್ಲವೇ ಹವಾಯಿ ಚಪ್ಪಲಿ. ಅದರಲ್ಲಿ ಬಿಡಿ ಅಟ್ಟೆ ನಿಲ್ಲದು. ಜೋಮು ಕಾಲಿನವನಿಗೆ ಹೆಬ್ಬೆರಳ ಸಂದಿಯ ಪಟ್ಟಿಯೇ ಗಾಯ ಮಾಡುತ್ತದೆ. ಆದ್ದರಿಂದ ಅಚ್ಚಿನ ಅಟ್ಟೆಯನ್ನು ಹಿಂಬದಿ ಪಟ್ಟಿಯುಳ್ಳ, ಬೆರಳ ಸಂದಿಗೆ ಪಟ್ಟಿಯಿಲ್ಲದ ಚಪ್ಪಲಿಯಲ್ಲಿಯೇ ಕೂಡಿಸಿ ಹೊಲಿಯಬೇಕು. ಊರಿನ ಚಪ್ಪಲಿ ಕಸಬುದಾರನನ್ನು ಬಿಟ್ಟು ಈ ಕೆಲಸ ಆಗಲಾರದು. ಯಂತ್ರದ ಅಳತೆಯೂ ಅವನ ಕೈಚಳಕವೂ ಕೂಡಿದರೆ ಅವನಿಗೂ ನಾಲ್ಕು ಕಾಸು ಹುಟ್ಟುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ತಾಲೂಕಿಗೊಂದು ಮುದ್ರಣ ಯಂತ್ರ ಬೇಕಿಲ್ಲ. ಅಕ್ಕಲಕೋಟೆಯಲ್ಲಿ ಅಳತೆ ತೆಗೆದು ಸೋಲಾಪುರದಲ್ಲಿ ಅಚ್ಚು ಮಾಡಬಹುದು. ಅಳತೆ ತಂತಿಯ ಮೇಲೆ ಹೋಗುವಾಗ ರೋಗಿ ಬಸ್ಸಿನಲ್ಲಿ ಏಕೆ ಹೋಗಬೇಕು? ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಪಾದ ಪರೀಕ್ಷೆಗೆ ಮೀಸಲಿರಲಿ. 10 ಗ್ರಾಂ ಒತ್ತಿನ ನೈಲಾನ್ ಎಳೆಯೊಂದಿದ್ದರೆ ಜೋಮನ್ನು ಕೆಲವೇ ನಿಮಿಷಗಳಲ್ಲಿ ಕಂಡುಹಿಡಿಯಬಹುದು. ಅಟ್ಟೆ ಕೊಡುವಾಗ ಅದನ್ನು ಮೆಟ್ಟುವ ಕ್ರಮ, ಗಾಯ ಕಂಡರೆ ಮಾಡಬೇಕಾದುದು ಕನ್ನಡದಲ್ಲಿಯೂ ಬರೆದಿರಲಿ. ಓದಲು ಬಾರದ ಚೀಟಿಯಿಂದ ಕಾಲು ಉಳಿಯುವುದಿಲ್ಲ.

ರೈತ ಬಂಧುಗಳು ಮಾಡಬೇಕಾದುದೂ ಇದೆ. ಅಂಗಡಿಯ ಯಂತ್ರದ ಮೇಲೆ ನಿಂತ ಮಾತ್ರಕ್ಕೆ ಹಣ ಎಣಿಸಬೇಡಿರಿ. ಮೊದಲು ವೈದ್ಯರಿಗೆ ಕಾಲು ತೋರಿಸಿರಿ. ಹೊಸ ಅಟ್ಟೆಯನ್ನು ಮೊದಲ ದಿನ ಒಂದೆರಡು ತಾಸು ಮಾತ್ರ ಮೆಟ್ಟಿ, ತೆಗೆದ ಮೇಲೆ ಚರ್ಮ ಕೆಂಪಾಗಿದೆಯೇ ನೋಡಿರಿ. ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ಹೊಲಕ್ಕೆ ಇಳಿಯಬಾರದು. ರಾತ್ರಿ ಕಾಲು ತೊಳೆದು ಒರಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕಣ್ಣು ಮಂಜಾದವರಿಗೆ ಮನೆಯವರು ನೋಡಿ ಹೇಳಬೇಕು. ಕಾಸಿಲ್ಲದ ಈ ಕೆಲಸವನ್ನು ಬಿಟ್ಟವನಿಗೆ ಎಷ್ಟು ಬೆಲೆಯ ಅಟ್ಟೆ ತಂದರೂ ಪ್ರಯೋಜನವಾಗದು.