ಆಟಗಾರನ ಕಾರು, ಕೂಲಿಗಾರನ ಸೈಕಲ್ಲು

ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟ ಗಾಡಿಯವನಿಗಾಗಲಿ, ರಾತ್ರಿ ಪಾಳಿ ಮುಗಿಸಿ ದಾವಣಗೆರೆಯಿಂದ ತನ್ನ ಹಳ್ಳಿಗೆ ಸೈಕಲ್ ತುಳಿಯುವ ಕೂಲಿಗಾರನಿಗಾಗಲಿ, ಎದುರಿನಿಂದ ಬರುವ ಕಾರಿನಲ್ಲಿ ಕುಳಿತವನು ಯಾರೆಂದು ಕಾಣುವುದಿಲ್ಲ. ಕಣ್ಣು ಕೋರೈಸುವ ದೀಪ ಮಾತ್ರ ಕಾಣುತ್ತದೆ. ಕಾರು ಓಡಿಸುವವನು ಕುಡಿದಿದ್ದರೆ, ಅವನು ಹೆಸರಾಂತ ಆಟಗಾರನಾದರೇನು, ಹೆಸರಿಲ್ಲದ ಪುಂಡನಾದರೇನು? ಗಾಲಿಯ ಕೆಳಗೆ ಬಿದ್ದವನಿಗೆ ಎರಡೂ ಒಂದೇ. ಆದರೆ ಮಾರನೆಯ ದಿನ ಎರಡೂ ಒಂದೇ ಆಗಿ ಉಳಿಯುವುದಿಲ್ಲ. ಪುಂಡನಾದರೆ ಲಾಕಪ್ಪು, ಆಟಗಾರನಾದರೆ “ಅದು ಅವರ ಖಾಸಗಿ ವಿಷಯ” ಎಂಬ ಸಮಾಧಾನ. ಈ ಸಮಾಧಾನದ ಬಗ್ಗೆಯೇ ನಾವು ಇಂದು ನಾಲ್ಕು ಮಾತು ಹೇಳಬೇಕಾಗಿದೆ.

ನಾವು ಆಟದ ವಿರೋಧಿಗಳಲ್ಲ. ಗರಡಿಯ ಮಣ್ಣಿನ ವಾಸನೆ ಬಲ್ಲ ಊರು ನಮ್ಮದು. ಈ ಊರಿನ ವಿನಯ್ ಕುಮಾರ್ ಅವರು ಕರ್ನಾಟಕ ತಂಡದ ನಾಯಕರಾಗಿ 2013-14 ಮತ್ತು 2014-15ರಲ್ಲಿ ಮೇಲಿಂದ ಮೇಲೆ ರಣಜಿ ಟ್ರೋಫಿ ಗೆದ್ದು ತಂದಾಗ ಹಿಗ್ಗದವರು ಇಲ್ಲಿ ಯಾರಿದ್ದರು? ಆಟಗಾರನೂ ಮೈ ದಂಡಿಸಿ ದುಡಿಯುವವನೇ. ಆದುದರಿಂದಲೇ ದುಡಿಯುವವನಿಗೆ ಸಲ್ಲುವ ನ್ಯಾಯ ಅವನಿಗೂ ಸಲ್ಲಬೇಕು. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸಿದರೆ ಅದು ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಹತ್ತು ಸಾವಿರವೆಂದರೆ ಅಂಗಡಿಯ ಗುಮಾಸ್ತನಿಗೆ ಮನೆಯ ಒಲೆ ಆರಿದಂತೆ. ಹರಾಜಿನಲ್ಲಿ ಕೋಟಿ ಕೋಟಿಗೆ ಬಿಕರಿಯಾಗುವವನಿಗೆ ಅದು ಒಂದು ರಾತ್ರಿಯ ಊಟದ ಬಿಲ್ಲು. ದಂಡ ಒಂದೇ, ನೋವು ಮಾತ್ರ ಒಂದಲ್ಲ. ಇಂಥವನಿಗೆ ತಟ್ಟುವ ಶಿಕ್ಷೆ ಕೊಡಬಲ್ಲವರು ಅವನನ್ನು ಆಡಿಸುವವರೇ.

ಆದರೆ ಆಡಿಸುವವರು ಏನು ಮಾಡುತ್ತಾರೆ? ನೆರೆಯ ಶ್ರೀಲಂಕಾದ ಪ್ರಸಂಗ ನೋಡಿರಿ. 2019ರ ಮಾರ್ಚ್ 31ರಂದು ಆ ದೇಶದ ಟೆಸ್ಟ್ ತಂಡದ ನಾಯಕ ದಿಮುತ್ ಕರುಣಾರತ್ನೆ ಕುಡಿದು ಕಾರು ಓಡಿಸಿ, ಕೊಲಂಬೋದಲ್ಲಿ ಆಟೋ ಒಂದಕ್ಕೆ ಡಿಕ್ಕಿ ಹೊಡೆದು ಬಂಧನಕ್ಕೊಳಗಾದರು. ಆಟೋದ ಚಾಲಕ ಗಾಯಗೊಂಡ. ಕ್ರಿಕೆಟ್ ಮಂಡಳಿ ನಾಯಕನಿಗೆ 7,500 ಡಾಲರ್ ದಂಡ ಹಾಕಿತು. ಮೂರು ವಾರ ತುಂಬುವ ಮೊದಲೇ ಅದೇ ವ್ಯಕ್ತಿಯನ್ನು ವಿಶ್ವಕಪ್ ತಂಡದ ನಾಯಕನನ್ನಾಗಿಯೂ ಮಾಡಿತು! ಮೂರು ಗಾಲಿಯ ಮೇಲೆ ಸಂಸಾರ ಹೊತ್ತವನ ಮೈಮೇಲಿನ ಗಾಯ ಮಾಯುವಷ್ಟೂ ಕಾಲ ಮಂಡಳಿ ಕಾಯಲಿಲ್ಲ.

ಮಂಡಳಿಗಳಿಗೆ ಶಿಕ್ಷಿಸಲು ಕೈ ಬರುವುದಿಲ್ಲ ಎಂದು ಯಾರೂ ತಿಳಿಯಬೇಡಿರಿ. ಅದೇ 2019ರ ಜನವರಿಯಲ್ಲಿ ನಮ್ಮ ಕನ್ನಡಿಗ ಕೆ. ಎಲ್. ರಾಹುಲ್ ಹಾಗೂ ಹಾರ್ದಿಕ್ ಪಾಂಡ್ಯ ಟೆಲಿವಿಷನ್ ಹರಟೆಯೊಂದರಲ್ಲಿ ಹೆಂಗಸರ ಬಗ್ಗೆ ಹಗುರವಾಗಿ ಆಡಿದ ಮಾತು ಗುಲ್ಲಾಯಿತು. ಭಾರತದ ಮಂಡಳಿ ಇಬ್ಬರನ್ನೂ ಸಸ್ಪೆಂಡು ಮಾಡಿ ಆಸ್ಟ್ರೇಲಿಯಾದಿಂದ ಹಿಂದಕ್ಕೆ ಕರೆಸಿತು. ಆಮೇಲೆ ಮಂಡಳಿಯ ಓಂಬುಡ್ಸ್‌ಮನ್ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿ, ಅದರಲ್ಲಿ 10 ಲಕ್ಷವನ್ನು ಮಡಿದ ಹತ್ತು ಪೇದೆಗಳ ಪತ್ನಿಯರಿಗೆ ಲಕ್ಷದಂತೆ ಕೊಡಬೇಕೆಂದೂ, ಉಳಿದ 10 ಲಕ್ಷವನ್ನು ಅಂಧರ ಕ್ರಿಕೆಟ್ಟಿಗೆ ಕೊಡಬೇಕೆಂದೂ ಆಜ್ಞೆ ಮಾಡಿದರು. ಅದನ್ನು ನಾವು ಒಪ್ಪುತ್ತೇವೆ. ಮೈದಾನದ ಹೊರಗೆ ಆಡಿದ ಮಾತು ಮಂಡಳಿಯ ವಿಷಯವಾಗುವುದಾದರೆ, ಮೈದಾನದ ಹೊರಗೆ ಓಡಿಸಿದ ಕಾರು ಹೇಗೆ ಖಾಸಗಿ ವಿಷಯವಾದೀತು?

ಇಲ್ಲಿ ನಮ್ಮ ಕಾರ್ಮಿಕ ಬಂಧುಗಳೇ ಒಂದು ಪ್ರಶ್ನೆ ಎತ್ತಬಹುದು. “ಗೇಟಿನ ಹೊರಗಿನ ಬದುಕಿಗೆ ಮಾಲೀಕ ಕೈ ಹಾಕಬಾರದು ಎಂದು ಹೋರಾಡಿದವರು ನಾವಲ್ಲವೆ? ಆಟಗಾರನ ವಿಷಯದಲ್ಲಿ ಮಾತ್ರ ಮಾಲೀಕನಿಗೆ ಚಾಟಿ ಕೊಡುವುದೆ?” ಪ್ರಶ್ನೆ ನ್ಯಾಯವಾದದ್ದು. ಆಟಗಾರ ತನ್ನ ಮನೆಯಲ್ಲಿ ಕುಡಿದರೆ ಮಂಡಳಿಗೆ ಅದರ ಗೊಡವೆ ಬೇಡ. ಕುಡಿದವನು ಚಕ್ರ ಹಿಡಿದು ಇನ್ನೊಬ್ಬನ ಪ್ರಾಣದ ಮೇಲೆ ಬಂದಾಗ ಮಾತ್ರ ಮಾತು ಬೇರೆ. ಆಗಲೂ ಮಾಲೀಕನ ಸಿಟ್ಟೇ ಕಾನೂನಾಗಬಾರದು. ಸಾರಿಗೆ ಸಂಸ್ಥೆಯ ಡ್ರೈವರನಿಗೆ ಇರುವಂತೆ ಚಾರ್ಜ್‌ಶೀಟು, ವಿಚಾರಣೆ, ತನ್ನ ಮಾತು ಹೇಳಿಕೊಳ್ಳುವ ಅವಕಾಶ ಆಟಗಾರನಿಗೂ ಇರಲಿ.

ಅಮೆರಿಕದ ಫುಟ್‌ಬಾಲ್ ಲೀಗಿನಲ್ಲಿ 2014ರಲ್ಲಿ ಆಟಗಾರರ ಯೂನಿಯನ್ನೇ ಲೀಗಿನೊಡನೆ ಕುಳಿತು ಒಪ್ಪಂದ ಮಾಡಿಕೊಂಡಿತು. ಕುಡಿದು ವಾಹನ ಓಡಿಸಿದ್ದು ರುಜುವಾತಾದರೆ ಮೊದಲ ಸಲಕ್ಕೆ 2 ಪಂದ್ಯ ಸಂಬಳವಿಲ್ಲದೆ ಹೊರಗೆ ಎಂದು ಆಗಲೇ ಬರೆದಿಟ್ಟರು. ಶಿಕ್ಷೆ ಸಣ್ಣದು ಎನ್ನಬಹುದು. ಆದರೆ ಮುಂಚಿತವಾಗಿ ಬರೆದ ನಿಯಮಕ್ಕೆ ಮುಖ ನೋಡಿ ಮಣೆ ಹಾಕುವ ಚಾಳಿ ಇರುವುದಿಲ್ಲ. ನಮ್ಮಲ್ಲಿ 2019ರಲ್ಲಿ ಹುಟ್ಟಿದ ಭಾರತೀಯ ಕ್ರಿಕೆಟಿಗರ ಸಂಘ ನಿವೃತ್ತರಿಗೆ ಮಾತ್ರ ಮೀಸಲಾಗಿ ಹುಟ್ಟಿತು. ಆಡುತ್ತಿರುವವರಿಗೆ ಸಂಘವಿಲ್ಲದ ಕಡೆ ನಿಯಮವನ್ನು ಧಣಿಗಳೇ ಬರೆಯುತ್ತಾರೆ, ಇಲ್ಲವೆ ಬರೆಯುವುದೇ ಇಲ್ಲ.

ಧಣಿಗಳ ಮಾತು ಬಂದಿತಾದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. 2008ರಲ್ಲಿ ವಿಜಯ್ ಮಲ್ಯ ಬೆಂಗಳೂರು ತಂಡವನ್ನು ಕೊಂಡಾಗ ಅದಕ್ಕೆ ಇಟ್ಟ ಹೆಸರು ಅವರ ಕಂಪನಿಯ ವಿಸ್ಕಿಯ ಹೆಸರಿನಿಂದ ಬಂದದ್ದು. ನಮ್ಮ ಮಕ್ಕಳು ಕುಣಿದಾಡಿದ್ದು ಆ ಹೆಸರಿಗೇ. 2025ರ ಮಾರ್ಚಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಐಪಿಎಲ್ ಅಧ್ಯಕ್ಷರಿಗೆ ಕಾಗದ ಬರೆದು, ಮದ್ಯ ಮತ್ತು ತಂಬಾಕಿನ ಜಾಹೀರಾತು, ಮರೆಯ ಜಾಹೀರಾತು ಸಹ, ನಿಲ್ಲಬೇಕೆಂದು ಕೇಳಬೇಕಾಯಿತು. ಅಂಗಿಯ ಮೇಲೆ ಹೆಂಡದ ಹೆಸರು ಹಚ್ಚಿ ಲಾಭ ಎಣಿಸುವವರು, ಆಟಗಾರ ಕುಡಿದು ಸಿಕ್ಕಿಬಿದ್ದ ದಿನ ಶೀಲದ ಪಾಠ ಹೇಳಿದರೆ ಕೇಳುವವರು ಯಾರು?

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಮೊದಲನೆಯದು, ಗಾಯಗೊಂಡವನ ಅಥವಾ ಸತ್ತವನ ಸಂಸಾರಕ್ಕೆ ಆಟಗಾರನ ಸಂಭಾವನೆಯಿಂದಲೇ ಮೊದಲು ಹಣ ಸಲ್ಲಬೇಕು. ದಂಡ ಮಂಡಳಿಯ ಪೆಟ್ಟಿಗೆಗೆ ಬೀಳಬಾರದು. ಎರಡನೆಯದು, ವಿಚಾರಣೆ ಮುಗಿಯುವವರೆಗೆ ನಾಯಕಪಟ್ಟವೂ ಜಾಹೀರಾತೂ ಬಂದ್ ಆಗಬೇಕು. ತಪ್ಪು ರುಜುವಾತಾದರೆ ಇಷ್ಟು ಪಂದ್ಯ ಹೊರಗೆ ಎಂದು ಮೊದಲೇ ಗೊತ್ತಿರಬೇಕು. ತಾರೆಗೂ ಹನ್ನೆರಡನೆಯ ಆಟಗಾರನಿಗೂ ಅದು ಒಂದೇ ಇರಬೇಕು. ಮೂರನೆಯದು, ಕುಡಿತದ ರೋಗಕ್ಕೆ ಬಿದ್ದವನಿಗೆ ಚಿಕಿತ್ಸೆ ಕೊಡಿಸಿ, ಗುಣವಾದ ಮೇಲೆ ದಾರಿ ತೆರೆದಿಡಬೇಕು. ದುಡಿಯುವವನನ್ನು ಹಿಂಡಿ ಬಿಸಾಡುವ ಪದ್ಧತಿ ಮಿಲ್ಲಿನಲ್ಲಿ ಬೇಡವೆಂದವರು ಮೈದಾನದಲ್ಲಿ ಬೇಕೆನ್ನಲಾರೆವು.

ಇದು ಮುಂಬಯಿಯ ದೊಡ್ಡವರ ವ್ಯವಹಾರ, ನಮ್ಮ ಕೈಗೆ ಎಟುಕುವುದಿಲ್ಲ ಎಂದು ವರ್ತಕ ಮಿತ್ರರು ಕೈ ಚೆಲ್ಲಬೇಕಾಗಿಲ್ಲ. ದಾವಣಗೆರೆ, ಹರಿಹರ, ಕುಕ್ಕುವಾಡದ ಕಡೆಗಳಲ್ಲಿ ಪಂದ್ಯಾವಳಿ ನಡೆದಾಗ ಬಹುಮಾನದ ಹಣ ಬರುವುದು ನಿಮ್ಮ ಗಲ್ಲಾಪೆಟ್ಟಿಗೆಯಿಂದ. ವಂತಿಗೆಯ ರಸೀತಿ ಪುಸ್ತಕ ಹಿಡಿದು ಬಂದವರನ್ನು ಕೂರಿಸಿ, ಚಹ ಕೊಟ್ಟು, ಒಂದು ಮಾತು ಕೇಳಿರಿ: ಕುಡಿದು ಗಾಡಿ ಓಡಿಸಿದವನಿಗೆ ನಿಮ್ಮ ಆಟದಲ್ಲಿ ಏನು ನಿಯಮ? ನಿಯಮ ಬರೆದುಕೊಂಡು ಬಂದ ಮೇಲೆ ರಸೀತಿ ಹರಿಯಲಿ.